ಮಕ್ಕಳ ಜೊತೆ ವರ್ಷವಿಡೀ ರಸ್ತೆಯಲ್ಲಿ: ಮೋಟರ್‌ಹೋಮ್ ಆರಿಸುವುದು ಹೇಗೆ?

ಮಹಾಬಳೇಶ್ವರದಿಂದ ತಾಪೋಳಾ ಕಡೆಗೆ ಇಳಿಯುವ ರಸ್ತೆಯ ಪಕ್ಕದ ಒಂದು ಹೋಮ್‌ಸ್ಟೇ ಅಂಗಳ. ಜೂನ್ ತಿಂಗಳ ಕೊನೆಯ ವಾರ. ಬಾಡಿಗೆಗೆ ತಂದ ಕ್ಯಾರವಾನ್ ಒಳಗೆ ನಾವು ನಾಲ್ವರು: ನಾನು, ನನ್ನ ಗಂಡ, ಏಳು ವರ್ಷದ ಮಗಳು, ಮೂರು ವರ್ಷದ ಮಗ. ಎರಡು ದಿನ ಮಳೆ ಹೊತ್ತು ಬಿಡದೆ ಸುರಿಯಿತು. ಫೋಟೋದಲ್ಲಿ ನೋಡಿ ಮರುಳಾಗಿದ್ದ ಆ ಚರ್ಮದ ಸೋಫಾವೇ ರಾತ್ರಿ ಹಾಸಿಗೆಯಾಗಬೇಕು. ಎಂಟು ಗಂಟೆಗೆ ಮಗನಿಗೆ ನಿದ್ದೆ ಬಂತೆಂದರೆ ಊಟದ ಮೇಜು ಮಡಚಬೇಕು, ಸೋಫಾ ಎಳೆಯಬೇಕು, ದೀಪ ಆರಿಸಬೇಕು. ಆಮೇಲೆ ದೊಡ್ಡವರಿಗೆ ಕೂರಲು ಜಾಗವೇ ಇಲ್ಲ. ಒದ್ದೆ ಚಡ್ಡಿ, ಒದ್ದೆ ಚಪ್ಪಲಿ, ಒದ್ದೆ ಟವೆಲ್ ಎಲ್ಲ ಡ್ರೈವರ್ ಸೀಟಿನ ಮೇಲೆ. ಎರಡನೇ ರಾತ್ರಿ ನಾವಿಬ್ಬರೂ ಡ್ರೈವರ್ ಕ್ಯಾಬಿನ್ನಿನಲ್ಲಿ ಒಬ್ಬರಿಗೊಬ್ಬರು ಒರಗಿ ಕೂತು, ಮೊಬೈಲ್ ಬೆಳಕಿನಲ್ಲಿ ಒಂದು ಪಟ್ಟಿ ಬರೆದೆವು. ಮುಂದೆ ಒಂದೂವರೆ ವರ್ಷ ಗಾಡಿ ಹುಡುಕಿದ್ದು ಆ ಪಟ್ಟಿ ಹಿಡಿದುಕೊಂಡೇ. ಈಗ ಹತ್ತು ತಿಂಗಳಿಂದ ನಮ್ಮದೇ ಗಾಡಿಯಲ್ಲಿದ್ದೇವೆ. ಸರ್ವಿಸಿಗೆಂದು ಪುಣೆಗೆ ಬಂದಿದ್ದೇವೆ, ಕೋಥ್ರೂಡಿನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಊರಲ್ಲೂ ಇಲ್ಲೂ ಸಿಕ್ಕವರೆಲ್ಲ ಕೇಳುವುದು ಒಂದೇ: ಯಾವ ಗಾಡಿ ತಗೊಂಡ್ರಿ, ಎಷ್ಟಾಯಿತು? ನನಗೆ ಅನ್ನಿಸುವ ಮಟ್ಟಿಗೆ ಇವು ಕೊನೆಗೆ ಕೇಳಬೇಕಾದ ಪ್ರಶ್ನೆಗಳು.

ಮೊದಲು ಒಂದು ಮಳೆಯ ದಿನ ಬರೆಯಿರಿ

ಯಾವ ಶೋರೂಮಿಗೂ ಹೋಗುವ ಮುನ್ನ ಒಂದು ಹಾಳೆ ತಗೊಂಡು, ಹೊರಗೆ ಕಾಲಿಡಲಾಗದ ಒಂದು ದಿನ ನಿಮ್ಮ ಕುಟುಂಬ ಏನೇನು ಮಾಡುತ್ತದೆ ಎಂದು ಬೆಳಗಿನಿಂದ ರಾತ್ರಿವರೆಗೆ ಬರೆಯಿರಿ. ಹಾಲು ಕಾಯಿಸುವುದು, ಮಗುವಿನ ಸ್ನಾನ, ಉಪ್ಪಿಟ್ಟು, ಒಬ್ಬರ ಆಫೀಸ್ ಕಾಲ್, ಮಗುವಿನ ಮಧ್ಯಾಹ್ನದ ನಿದ್ದೆ, ದೊಡ್ಡ ಮಗುವಿನ ಓದು, ಬಟ್ಟೆ ಒಣಹಾಕುವುದು, ರಾತ್ರಿಯ ಅಡುಗೆ. ಪ್ರತಿಯೊಂದರ ಮುಂದೆ ಎರಡು ವಿಷಯ ಗುರುತು ಹಾಕಿ: ಇದಕ್ಕೆ ಎಲ್ಲಿ ಜಾಗ, ಇದು ನಡೆಯುವಾಗ ಉಳಿದವರು ಎಲ್ಲಿರುತ್ತಾರೆ.

ರಜೆಗೆ ಹೋಗುವವರಿಗೆ ಇದೆಲ್ಲ ಬೇಕಿಲ್ಲ. ಮೂರು ದಿನ ಹೇಗಾದರೂ ಕಳೆಯುತ್ತದೆ. ವರ್ಷವಿಡೀ ಇರುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸಹ್ಯಾದ್ರಿಯ ಮಳೆಯೂ ಬರುತ್ತದೆ, ಜ್ವರ ಬಂದ ಮಗುವಿನ ಪಕ್ಕದಲ್ಲಿ ಕೂತಿರುವ ದಿನವೂ ಬರುತ್ತದೆ. ಗಾಡಿಯನ್ನು ಆ ದಿನಗಳಿಗಾಗಿ ಆರಿಸಬೇಕು. ಬಿಸಿಲಿರುವ ದಿನ ಮಕ್ಕಳು ಹೇಗೂ ಹೊರಗೇ ಇರುತ್ತಾರೆ.

ಗಾಡಿ ಓಡುವಾಗ ಮಕ್ಕಳು ಎಲ್ಲಿ ಕೂರುತ್ತಾರೆ?

ಇದಕ್ಕೆ ಸರಿಯಾದ ಉತ್ತರ ಕೊಡದ ಗಾಡಿಯನ್ನು ಮುಂದೆ ನೋಡಲೇಬೇಡಿ. ನಮ್ಮ ಬಾಡಿಗೆ ಕ್ಯಾರವಾನ್‌ನಲ್ಲಿ ಹಿಂದಿನ ಸೀಟು ಗೋಡೆಗೆ ಒರಗಿದ ಅಡ್ಡ ಬೆಂಚು. ಬೆಲ್ಟ್ ಇತ್ತು, ಆದರೆ ಸೊಂಟಕ್ಕೆ ಮಾತ್ರ. ಪಸರಣಿ ಘಾಟಿನಲ್ಲಿ ಎದುರಿಂದ ಬಸ್ಸು ಬಂದು ಬ್ರೇಕ್ ಒತ್ತಿದಾಗ ಮಗಳು ಬೆಲ್ಟಿನೊಳಗಿಂದ ಪಕ್ಕಕ್ಕೆ ಜಾರಿ ತಮ್ಮನ ಮೇಲೆ ಬಿದ್ದಳು. ಏಟಾಗಲಿಲ್ಲ. ಆದರೂ ಆ ಕ್ಷಣ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ಎಷ್ಟು ಜನ ಮಲಗಬಹುದು ಎಂದು ಮಾರುವವರು ದೊಡ್ಡದಾಗಿ ಹೇಳುತ್ತಾರೆ. ನೀವು ಕೇಳಬೇಕಾದದ್ದು, ಮುಂದಕ್ಕೆ ಮುಖ ಮಾಡಿದ, ಮೂರು ಬಿಂದುವಿನ ಬೆಲ್ಟ್ ಇರುವ ಸೀಟು ಎಷ್ಟು ಎಂದು. ಹೆಗಲಿನ ಮೇಲೆ ಹಾದು ಸೊಂಟಕ್ಕೆ ಬರುವ ಬೆಲ್ಟ್ ಅದು. ಮಕ್ಕಳ ಕಾರ್ ಸೀಟನ್ನು ಅಡ್ಡ ಬೆಂಚಿನ ಮೇಲೆ ಕಟ್ಟಲೇಬಾರದು. ಬೆಲ್ಟ್ ಹೆಗಲ ಮೇಲೆ ಸರಿಯಾಗಿ ಹಾಯುವಂತೆ ಮಗುವನ್ನು ಎತ್ತರಿಸುವ ಬೂಸ್ಟರ್ ಸೀಟಿಗೆ ಮೂರು ಬಿಂದುವಿನ ಬೆಲ್ಟೇ ಬೇಕು, ಸೊಂಟದ ಪಟ್ಟಿ ಸಾಲದು. ಚಿಕ್ಕ ಕೂಸಿಗೆ ಹಿಂದಕ್ಕೆ ಮುಖ ಮಾಡಿದ ಸೀಟು, ಆಮೇಲೆ ಮುಂದಕ್ಕೆ ಮುಖ ಮಾಡಿದ, ತನ್ನದೇ ಪಟ್ಟಿಗಳಿರುವ ಸೀಟು, ಆಮೇಲೆ ಮಗು ಸುಮಾರು 145 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ ಬೂಸ್ಟರ್, ಇದು ಕ್ರಮ. ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡವಿದೆ. ದಂಡದ ಭಯಕ್ಕೆ ಮಾಡುವ ಕೆಲಸವಲ್ಲ ಇದು ಅನ್ನುವುದು ನಿಮಗೂ ಗೊತ್ತು.

ಬೆಲ್ಟ್ ಇದ್ದರಷ್ಟೇ ಸಾಲದು, ಅದು ಯಾವುದಕ್ಕೆ ಬಿಗಿದಿದೆ ಎಂದು ನೋಡಬೇಕು. ಇದನ್ನು ನನಗೆ ಕಲಿಸಿದವರು ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ಗಾಡಿಗಳ ಬಾಡಿ ಕಟ್ಟುವ ಒಬ್ಬ ಮೇಸ್ತ್ರಿ. ವಿಜಯಪುರ ಜಿಲ್ಲೆ ಇಂಡಿ ತಾಲೂಕಿನವರು, ಮೂವತ್ತು ವರ್ಷದಿಂದ ಪುಣೆಯಲ್ಲಿದ್ದಾರೆ. ನಾನು ತೋರಿಸಿದ ಚಿತ್ರ ನೋಡಿ, "ಅಕ್ಕಾರ, ಸೋಫಾ ಚಂದ ಕಾಣ್ತೈತ್ರಿ. ಖರೆ, ಬೆಲ್ಟಿನ ಬೋಲ್ಟ್ ಎಲ್ಲಿ ಹಾಕೂದು? ಪ್ಲೈವುಡ್ಡಿಗೆ ಹಾಕಿದ್ರ ಜೋರ್ ಬ್ರೇಕ್ ಹೊಡದಾಗ ಪ್ಲೈವುಡ್ ಸಮೇತ ಕಿತ್ಕೊಂಡ್ ಬರ್ತೈತಿ. ನಿಮ್ಮ ಕೂಸು ಅದರಾಗ ಇರ್ತೈತಿ, ನೋಡ್ರಿ" ಅಂದರು. ಸೀಟು ಮತ್ತು ಬೆಲ್ಟ್ ಎರಡೂ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಸೇರಿರಬೇಕು. ಕಂಪನಿಯಿಂದಲೇ ಬಂದ ಸೀಟುಗಳನ್ನು ಉಳಿಸಿಕೊಂಡು ಅವುಗಳ ಹಿಂದೆ ಮನೆ ಕಟ್ಟಿಸುವುದು ಎಲ್ಲಕ್ಕಿಂತ ಸುರಕ್ಷಿತ ಎಂಬ ತೀರ್ಮಾನಕ್ಕೆ ನಾವು ಬಂದದ್ದು ಅವರ ಗ್ಯಾರೇಜಿನಲ್ಲೇ. ಅದರಿಂದ ಒಳಗಿನ ಉದ್ದ ಸುಮಾರು ಮೂರು ಅಡಿ ಕಳೆದುಕೊಂಡೆವು. ಕೊರಗಿಲ್ಲ.

ಓಡುವ ಗಾಡಿಯಲ್ಲಿ ಮಕ್ಕಳನ್ನು ಹಾಸಿಗೆಯ ಮೇಲೆ ಮಲಗಿಸುವ ಅಭ್ಯಾಸ ಬೇಡ. ಎಷ್ಟೇ ಅತ್ತರೂ ಬೇಡ. ಗಾಡಿ ನಿಲ್ಲಿಸಿ, ಇಳಿದು ಹತ್ತು ನಿಮಿಷ ಆಡಿಸಿ, ಮತ್ತೆ ಕೂರಿಸಿ. ಮೇಲಿನ ಕಪಾಟಿನ ಬಾಗಿಲುಗಳಿಗೂ ಬೀಗದಂಥ ಕೊಂಡಿ ಬೇಕು. ಕುಕ್ಕರಿನ ಮುಚ್ಚಳ ಕೂಡ ಘಾಟಿನಲ್ಲಿ ಗುಂಡಿನ ಹಾಗೆ ಹಾರುತ್ತದೆ.

ಆಮೇಲೆ ಹಾಸಿಗೆ

ಮಕ್ಕಳ ಹಾಸಿಗೆ ಕಾಯಂ ಆಗಿ ಹಾಸಿಯೇ ಇರಬೇಕು, ಇದು ನನ್ನ ಹಟ. ದೊಡ್ಡವರ ಹಾಸಿಗೆ ಮಡಚುವಂಥದಾದರೂ ನಡೆಯುತ್ತದೆ. ಮಗು ಸಂಜೆ ಏಳಕ್ಕೇ ಕಣ್ಣು ಉಜ್ಜಿದರೆ ಎತ್ತಿ ಮಲಗಿಸಿ ಪರದೆ ಎಳೆಯುವಂತಿರಬೇಕು, ನಾವು ಆಚೆ ಕಡೆ ಕೂತು ಊಟ ಮಾಡುವಂತಿರಬೇಕು. ಮಕ್ಕಳಿಗೂ ಇದರಿಂದ ನೆಮ್ಮದಿ. ದಿನಕ್ಕೊಂದು ಊರು ಬದಲಾದರೂ ದಿಂಬು ಅದೇ ಮೂಲೆಯಲ್ಲಿರುತ್ತದೆ.

ಒಂದರ ಮೇಲೊಂದು ಬಂಕ್ ಮಾಡಿಸುವುದಾದರೆ ಆರು ವರ್ಷದೊಳಗಿನ ಮಗುವನ್ನು ಮೇಲೆ ಮಲಗಿಸಬೇಡಿ. ತಡೆಕಟ್ಟೆಯನ್ನು ಹಾಸಿಗೆ ಹಾಕಿದ ಮೇಲೆ ಅಳೆಯಿರಿ, ಹಲಗೆಯಿಂದ ಅಳೆದರೆ ನಾಲ್ಕು ಇಂಚಿನ ಫೋಮ್ ಅದನ್ನು ನುಂಗಿಬಿಡುತ್ತದೆ. ಬಂಕಿನ ಉದ್ದ ಇವತ್ತಿನ ಮಗುವಿನದಲ್ಲ, ಐದು ವರ್ಷ ಮುಂದಿನ ಮಗುವಿನದು. ಐದೂವರೆ ಅಡಿಗಿಂತ ಕಡಿಮೆ ಬೇಡ.

ಹಿಂದಿನ ಬಾಗಿಲ ಬಳಿ ಯಾರಾದರೂ ಮಲಗುವುದಾದರೆ ಆ ಬಾಗಿಲು ಒಳಗಿನಿಂದ ತೆರೆಯಬೇಕು. ಅನೇಕ ವ್ಯಾನುಗಳಲ್ಲಿ ಹಾಗೆ ತೆರೆಯುವುದಿಲ್ಲ, ಕೈಯಾರೆ ಪರೀಕ್ಷಿಸಿ. ಬೆಂಕಿ ಹೊತ್ತಿಕೊಂಡರೆ ಹೊರಬರಲು ಎರಡು ದಾರಿ ಇರಲೇಬೇಕು, ದೊಡ್ಡ ಮಗುವಿಗೆ ಎರಡನ್ನೂ ತೆರೆಯಲು ಬರಬೇಕು. ನಮ್ಮ ಮಗಳು ತಿಂಗಳಿಗೊಮ್ಮೆ ಕಣ್ಣು ಮುಚ್ಚಿಕೊಂಡು ತೆರೆದು ತೋರಿಸುತ್ತಾಳೆ.

ಯಾವ ಗಾಡಿ?

ನಮ್ಮಲ್ಲಿ ಹೆಚ್ಚಿನ ಮೋಟರ್‌ಹೋಮ್‌ಗಳು ಹುಟ್ಟುವುದು ಟಿಟಿಯಿಂದ, ಅಂದರೆ ಟೆಂಪೋ ಟ್ರಾವೆಲರ್‌ನಿಂದ. ಬಜಾಜ್ ಟೆಂಪೋ 2005ರಲ್ಲಿ ಫೋರ್ಸ್ ಮೋಟರ್ಸ್ ಆದರೂ ಜನರ ಬಾಯಲ್ಲಿ ಟೆಂಪೋ ಉಳಿದಿದೆ. ಕಂಪನಿಯ ಮನೆಯಂಗಳ ನಮ್ಮ ಆಕುರ್ಡಿಯೇ. ಇದರ ದೊಡ್ಡ ಗುಣವೆಂದರೆ ಮದುವೆ ದಿಬ್ಬಣದಿಂದ ಆಂಬುಲೆನ್ಸ್‌ವರೆಗೆ ಎಲ್ಲದಕ್ಕೂ ಓಡಿದ ಗಾಡಿ ಇದು. ಹುಬ್ಬಳ್ಳಿಯಲ್ಲಾಗಲಿ ಜೋಧಪುರದಲ್ಲಾಗಲಿ ಇದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಸಿಗುತ್ತಾನೆ. ಮಕ್ಕಳನ್ನು ಕಟ್ಟಿಕೊಂಡು ವರ್ಷವಿಡೀ ತಿರುಗುವವರಿಗೆ ಅಮೃತಶಿಲೆಯಂತೆ ಹೊಳೆಯುವ ಕಿಚನ್ ಕಟ್ಟೆಗಿಂತ ಇದು ಮುಖ್ಯ. ವೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗಿನ ದೂರ) 3050, 3350, 3700, 4020 ಮಿಲಿಮೀಟರ್ ಎಂದು ಬರುತ್ತದೆ. 4020ರ ಗಾಡಿ ಒಟ್ಟು ಏಳು ಮೀಟರಿನಷ್ಟು ಉದ್ದ. ಅದೇ ಕಂಪನಿಯ ಅರ್ಬೇನಿಯಾ ಹೊಸ ತಲೆಮಾರಿನದು, ಓಡಿಸಲು ಕಾರಿನ ಹಾಗೆ ಹಗುರ, ಬೆಲೆ ಮಾತ್ರ ಹೆಚ್ಚು.

ಟಾಟಾ ವಿಂಗರ್ ಹತ್ತಲು ಸುಲಭ, ನೆಲ ತಗ್ಗು. ಆದರೆ ಅದು ಮುಂದಿನ ಚಕ್ರ ಎಳೆಯುವ ಗಾಡಿ. ನೀರಿನ ಟ್ಯಾಂಕು, ಬ್ಯಾಟರಿ, ಹಾಸಿಗೆ ಎಲ್ಲ ಹಿಂದೆ ಹೇರಿದರೆ ಕೆಸರಿನ ಏರಿನಲ್ಲಿ ಮುಂದಿನ ಚಕ್ರ ಜಾರುತ್ತದೆ. ಡಾಂಬರು ಬಿಟ್ಟು ಇಳಿಯದವರಿಗೆ ಅಡ್ಡಿಯಿಲ್ಲ.

ನಾಲ್ಕು ಬಾಗಿಲಿನ ಪಿಕಪ್ ಮೇಲೆ ಮನೆ ಕೂರಿಸುವವರೂ ಇದ್ದಾರೆ. ಮಕ್ಕಳು ಕಂಪನಿಯ ಸೀಟಿನಲ್ಲಿ ಕಂಪನಿಯ ಬೆಲ್ಟ್ ಕಟ್ಟಿಕೊಂಡು ಕೂರುತ್ತಾರೆ ಅನ್ನುವುದು ಇದರ ನಿಜವಾದ ಲಾಭ. ಮಳೆಯಲ್ಲಿ ಕ್ಯಾಬಿನ್ನಿನಿಂದ ಮನೆಗೆ ಹೋಗಲು ಇಳಿದು ನೆನೆಯಬೇಕು ಅನ್ನುವುದು ನಷ್ಟ. ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್ ಕ್ಯಾರವಾನ್ ಕೂಡ ಇದೇ ಕಾರಣಕ್ಕೆ ಸುರಕ್ಷಿತ, ಒಂದೆಡೆ ಬಿಟ್ಟು ಕಾರಿನಲ್ಲಿ ಪೇಟೆಗೆ ಹೋಗಿ ಬರಬಹುದು. ಆದರೆ ಕೊಂಕಣದ ಓಣಿಗಳಲ್ಲಿ ಎದುರು ಎಸ್‌ಟಿ ಬಸ್ಸು ಬಂದಾಗ ಅದನ್ನು ಹಿಂದಕ್ಕೆ ತೆಗೆಯುವ ಧೈರ್ಯ ನನಗಿಲ್ಲ. ದೊಡ್ಡ ಬಸ್ಸಿನ ಆಸೆ ಬೇಡ. ಒಟ್ಟು ತೂಕ 7,500 ಕೆಜಿವರೆಗೆ ಎಲ್‌ಎಂವಿ, ಅಂದರೆ ಕಾರು ಓಡಿಸುವ ಹಗುರ ವಾಹನದ ಲೈಸೆನ್ಸ್ ಸಾಕು, ಅದಕ್ಕಿಂತ ಮೇಲಾದರೆ ಹೆವಿ ಲೈಸೆನ್ಸ್ ಬೇಕು. ಗಂಡ ಹೆಂಡತಿ ಇಬ್ಬರೂ ಓಡಿಸಲು ಬರುವ ಗಾಡಿಯೇ ಆಗಬೇಕು, ಒಬ್ಬರು ಜ್ವರ ಹಿಡಿದು ಮಲಗಿದರೆ ಊರು ತಲುಪುವುದು ಹೇಗೆ?

ಉದ್ದ ಹೆಚ್ಚಾದಷ್ಟೂ ಒಳಗೆ ಸುಖ, ಹೊರಗೆ ಕಷ್ಟ. ಏಳು ಮೀಟರಿನ ಗಾಡಿ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಹಿಡಿಯುವುದಿಲ್ಲ. ಎತ್ತರ ಎರಡೂವರೆ ಮೀಟರಿನ ಮೇಲೆಯೇ ಇರುತ್ತದೆ, ಮೇಲೆ ಎಸಿ, ಸೋಲಾರ್ ಸೇರಿದರೆ ಇನ್ನೂ ಹೆಚ್ಚು. ಮಾಲ್‌ಗಳ ಬೇಸ್‌ಮೆಂಟಿನ ಆಸೆ ಬಿಡಿ. ಗೋವಾದ ಒಳಹಳ್ಳಿಗಳಲ್ಲಿ ತೆಂಗಿನ ಗರಿ, ತಗ್ಗಾದ ವೈರು ಎರಡೂ ಕಾಡುತ್ತವೆ. ಪೂರ್ತಿ ಕಟ್ಟಿಸಿದ ಮೇಲೆ ನೆಲದಿಂದ ತುದಿಯವರೆಗಿನ ಎತ್ತರವನ್ನು ಅಳೆದು ಸ್ಟೀರಿಂಗ್ ಮುಂದೆ ಅಂಟಿಸಿ. ನಾವು ಆರಿಸಿದ್ದು 3700ರದ್ದು. ನಾಲ್ವರಿಗೆ ಅದು ಸಾಲುತ್ತದೆ, ತಾಮ್ಹಿಣಿ ಘಾಟಿನ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುತ್ತದೆ.

ಹಳೆ ಗಾಡಿ ಕೊಳ್ಳುವುದಾದರೆ 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆಯ ಹೊಸ ಮಿತಿಗೆ ಒಳಪಟ್ಟ) ಗಾಡಿಯನ್ನೇ ನೋಡಿ. ದಿಲ್ಲಿ ಸುತ್ತಮುತ್ತ ಹಳೆ ಡೀಸೆಲ್ ಗಾಡಿಗಳ ಮೇಲೆ ನಿಯಮ ಬಿಗಿಯಾಗಿದೆ, ಹಿಮಾಚಲದ ದಾರಿಯಲ್ಲಿ ಅದು ಎದುರಾಗುತ್ತದೆ.

ಕಾಗದಪತ್ರ: ಅಡ್ವಾನ್ಸ್ ಕೊಡುವ ಮುನ್ನ

ಇಲ್ಲಿ ಅವಸರ ಮಾಡಿದವರು ಆಮೇಲೆ ತಿಂಗಳುಗಟ್ಟಲೆ ಆರ್‌ಟಿಓ ಮೆಟ್ಟಿಲು ಹತ್ತಿದ್ದನ್ನು ನೋಡಿದ್ದೇನೆ.

ಒಂದು ವ್ಯಾನ್ ಕೊಂಡು ನಮಗೆ ಬೇಕಾದ ಹಾಗೆ ಕೊರೆದು ಮನೆ ಮಾಡಿಕೊಳ್ಳುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಮೂದಿಸಿದ ವಿವರಗಳು ಬದಲಾಗುವಂಥ ಮಾರ್ಪಾಡು ಮಾಡಬಾರದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹಾಗೆಂದು ದಾರಿ ಮುಚ್ಚಿಲ್ಲ. ಮೋಟರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಅದಕ್ಕೆ ತಕ್ಕಂತೆ ಕಟ್ಟಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದ ಮಾದರಿಗೆ ಪಾಸಿಂಗ್, ಅಂದರೆ ಆರ್‌ಟಿಓ ನೋಂದಣಿ ಸಿಗುತ್ತದೆ. ಈ ಪರೀಕ್ಷೆ ಮಾಡುವ ಸಂಸ್ಥೆಗಳಲ್ಲೊಂದು ಎಆರ್‌ಎಐ. ಪುಣೆಯವರು ಬೆಳಗ್ಗೆ ವಾಕಿಂಗ್ ಹೋಗುವ ಎಆರ್‌ಎಐ ಟೇಕಡಿಗೆ (ಗುಡ್ಡಕ್ಕೆ) ಆ ಹೆಸರು ಬಂದದ್ದು ಅದರಿಂದಲೇ. ನಾವು ಹತ್ತು ವರ್ಷ ಅದರ ಗೇಟಿನ ಮುಂದೆಯೇ ನಡೆದುಹೋಗಿದ್ದೆವು.

ಆದ್ದರಿಂದ ಕಟ್ಟಿಕೊಡುವವರನ್ನು ಮೊದಲು ಕೇಳಬೇಕಾದದ್ದು: ಈ ಮಾದರಿಗೆ, ಇದೇ ವೀಲ್‌ಬೇಸಿಗೆ ಒಪ್ಪಿಗೆ ಪತ್ರವಿದೆಯೇ? ಅದರ ನಕಲು ಕೊಡಿ. ಆರ್‌ಸಿಯಲ್ಲಿ ಏನೆಂದು ಬರುತ್ತದೆ? ಈಗಾಗಲೇ ಪಾಸಿಂಗ್ ಆದ ಇಂಥದೇ ಗಾಡಿಯ ಆರ್‌ಸಿ ತೋರಿಸಿ. "ಅದೆಲ್ಲ ಏಜೆಂಟ್ ನೋಡ್ಕೋತಾನೆ" ಎಂಬ ಉತ್ತರ ಬಂದರೆ ಚಹಾ ಮುಗಿಸಿ ಎದ್ದುಬಿಡಿ. ಆರ್‌ಸಿಯಲ್ಲಿ ಡೆಲಿವರಿ ವ್ಯಾನ್ ಎಂದಿದ್ದು ಒಳಗೆ ಮನೆಯಿದ್ದರೆ ಅಪಘಾತವಾದಾಗ ವಿಮೆಯವರು ಕೈ ಎತ್ತಲು ಅಷ್ಟೇ ಸಾಕು. ವಿಮೆ ಮಾಡಿಸುವಾಗ ಒಳಗಿನ ಕಟ್ಟಡದ ಬೆಲೆಯನ್ನೂ ಸೇರಿಸಿ ಪಾಲಿಸಿಯಲ್ಲಿ ಬರೆಸಿಕೊಳ್ಳಿ.

ಮುಂದಿನದು ಬೋರ್ಡಿನ ಬಣ್ಣ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಕಾನೂನಿನ ಪ್ರಕಾರ ಸಾರಿಗೆಯೇತರ ವಾಹನ, ಬಿಳಿ ಬೋರ್ಡು. ಹಳೆ ಟಿಟಿಗಳು ಸಾಮಾನ್ಯವಾಗಿ ಹಳದಿ ಬೋರ್ಡಿನವು. ಪರ್ಮಿಟ್, ಗಡಿಗಳಲ್ಲಿ ತೆರಿಗೆ, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್, ಇದೆಲ್ಲ ಅವುಗಳ ಬೆನ್ನಿಗಿರುತ್ತದೆ. ಹಳದಿಯಿಂದ ಬಿಳಿಗೆ ಬದಲಾಯಿಸುವ ಕೆಲಸವನ್ನು ಮಾರುವವರೇ ಮುಗಿಸಿ ಕೊಡಲಿ, ಹಣ ಆಮೇಲೆ ಕೊಡಿ.

ಒಂದೇ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ತಿರುಗುತ್ತಲೇ ಇರುವವರಿಗೆ ತೊಂದರೆಯಿಲ್ಲ, ಫಾಸ್ಟ್ಯಾಗ್ ವಿವರ ಇಟ್ಟುಕೊಂಡಿರಿ. ಕೇಳಿದರೆ ಅದೇ ಪುರಾವೆ. ಗಂಡನೋ ಹೆಂಡತಿಯೋ ಸರ್ಕಾರಿ ನೌಕರಿಯಲ್ಲಿದ್ದರೆ, ಅಥವಾ ನಾಲ್ಕಕ್ಕಿಂತ ಕಡಿಮೆಯಿಲ್ಲದ ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯಲ್ಲಿದ್ದರೆ ರಾಜ್ಯ ಬದಲಾದರೂ ಮರುನೋಂದಣಿ ಬೇಡದ, 2021ರಿಂದ ಬಂದಿರುವ ಬಿಎಚ್ ಸರಣಿಯ ನಂಬರ್ ಸಿಗುತ್ತದೆಯೇ ಎಂದು ವಿಚಾರಿಸಿ.

ತೂಕದ ಲೆಕ್ಕ

ಆರ್‌ಸಿಯಲ್ಲಿ ಎರಡು ಅಂಕಿ ಇರುತ್ತವೆ: ಖಾಲಿ ಗಾಡಿಯ ತೂಕ, ಜನ, ಸಾಮಾನು ಸೇರಿ ಗಾಡಿಗಿರುವ ಒಟ್ಟು ತೂಕದ ಮಿತಿ. ಇವುಗಳ ನಡುವಿನ ಅಂತರವೇ ನಿಮ್ಮ ಇಡೀ ಸಂಸಾರ. 18 ಮಿಲಿಮೀಟರಿನ ಎಂಟು-ನಾಲ್ಕರ ಪ್ಲೈವುಡ್ ಹಾಳೆ ಒಂದೇ ಸುಮಾರು 35 ಕೆಜಿ ತೂಗುತ್ತದೆ. ಹತ್ತು ಹಾಳೆ ಬಳಸಿದರೆ 350 ಕೆಜಿ ಅಲ್ಲೇ ಹೋಯಿತು. 150 ಲೀಟರ್ ನೀರು ಎಂದರೆ 150 ಕೆಜಿ. ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಒಂದೊಂದೂ 50 ಕೆಜಿಯ ಮೇಲೆ. ನಾಲ್ಕು ಜನ, ಬಟ್ಟೆ, ಅಕ್ಕಿ-ಬೇಳೆ, ಸೈಕಲ್, ಆಟಿಕೆ, ಪುಸ್ತಕ. ಹೀಗೆ ಕೂಡಿಸುತ್ತಾ ಹೋದರೆ ಮಿತಿ ದಾಟುವುದು ಗೊತ್ತೇ ಆಗುವುದಿಲ್ಲ. ಮಿತಿ ದಾಟಿದ ಗಾಡಿಯ ಬ್ರೇಕ್ ಘಾಟಿನ ಇಳಿಜಾರಿನಲ್ಲಿ ಬಿಸಿಯೇರುತ್ತದೆ, ಟೈರ್ ಮೇ ತಿಂಗಳ ಹೈವೇಯಲ್ಲಿ ಸಿಡಿಯುತ್ತದೆ.

ಕಟ್ಟುವವರಿಗೆ ಮೊದಲೇ ಹೇಳಿ: ಕಪಾಟಿಗೆ ಹಗುರ ಹಲಗೆ ಅಥವಾ ಅಲ್ಯುಮಿನಿಯಂ ಚೌಕಟ್ಟು, ಭಾರವಾದದ್ದೆಲ್ಲ ತಳದಲ್ಲಿ, ಎಡ ಬಲ ಸಮತೂಕ. ನೀರಿನ ಟ್ಯಾಂಕ್ ಒಂದು ಕಡೆ, ಅಡುಗೆ ಕಟ್ಟೆ ಇನ್ನೊಂದು ಕಡೆ ಇದ್ದರೆ ಒಳ್ಳೆಯದು.

ಅಡುಗೆ, ಕರೆಂಟು, ನೀರು

ಗ್ಯಾಸೋ ಇಂಡಕ್ಷನ್ನೋ? ಅವ್ವ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು, "ರೊಟ್ಟಿ ಹೆಂಗ ಬಡಿತಿ?" ಅಂತ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮಟ್ಟದಲ್ಲಿ, ಅಂದರೆ ಕೆಳಗಿನ ಬಂಕಿನಲ್ಲಿ ಮಲಗಿದ ಮಗುವಿನ ಮೂಗಿನ ಮಟ್ಟದಲ್ಲಿ ಸೇರುತ್ತದೆ. ಗ್ಯಾಸ್ ಇಡುವುದೇ ಆದರೆ 5 ಕೆಜಿಯ ಸಣ್ಣ ಸಿಲಿಂಡರ್ ಸಾಕು. ಅದಕ್ಕೆ ಮನೆಯೊಳಗಿನಿಂದ ಮುಚ್ಚಿದ, ಹೊರಗಿನಿಂದ ಮಾತ್ರ ತೆರೆಯುವ ಪೆಟ್ಟಿಗೆ ಬೇಕು, ಪೆಟ್ಟಿಗೆಯ ತಳದಲ್ಲಿ ಗಾಳಿ ಹೊರಹೋಗುವ ತೂತು ಬೇಕು. ಗ್ಯಾಸ್ ಅಲಾರ್ಮ್ ನೆಲದ ಹತ್ತಿರ. ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಬೇರೆಯದೇ ಬೇಕು, ಅದು ಮಲಗುವ ಎತ್ತರದಲ್ಲಿ. ಮುಚ್ಚಿದ ಗಾಡಿಯಲ್ಲಿ ಬೆಚ್ಚಗಾಗಲು ಒಲೆ ಹಚ್ಚುವುದು, ಇದ್ದಿಲು ಇಡುವುದು ಎಂದೆಂದಿಗೂ ಬೇಡ. ನಾವು ಒಳಗೆ ಇಂಡಕ್ಷನ್ ಮಾತ್ರ ಇಟ್ಟಿದ್ದೇವೆ. ರೊಟ್ಟಿ ಬಡಿಯುವುದು ಹೊರಗೆ, ಅನುಮತಿಯಿರುವ ಅಂಗಳದಲ್ಲಿ.

ಹೊರಗೆ ಅಂದರೆ ಎಲ್ಲೆಂದರಲ್ಲಿ ಅಲ್ಲ. ಗೋವಾದ ಕಡಲ ದಂಡೆಯಲ್ಲಿ ಬಯಲಲ್ಲಿ ಅಡುಗೆ ಮಾಡುವುದನ್ನು 2019ರಲ್ಲೇ ಕಾನೂನು ತಿದ್ದಿ ನಿಷೇಧಿಸಿದ್ದಾರೆ. ಆಗ ಒಬ್ಬರಿಗೆ 2,000, ಗುಂಪಿಗೆ 10,000 ರೂಪಾಯಿ ದಂಡವಿತ್ತು. ಗಾಡಿಯೊಳಗೇ ಅಡುಗೆ ಪೂರೈಸುವಂತೆ ಕಟ್ಟಿಸಲು ಇದೊಂದೇ ಕಾರಣ ಸಾಕು.

ಕರೆಂಟಿನ ಲೆಕ್ಕ ಯೂನಿಟ್ಟಿನಲ್ಲಿ ಹಾಕಿ, ಮನೆಯ ಬಿಲ್ಲಿನ ಹಾಗೆ. ಸಣ್ಣ 12 ವೋಲ್ಟ್ ಫ್ರಿಜ್ಜಿಗೆ ದಿನಕ್ಕೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು, ಎರಡು ಫ್ಯಾನಿಗೆ ಅಷ್ಟೇ, ಲ್ಯಾಪ್‌ಟಾಪ್, ಮೊಬೈಲ್, ದೀಪಕ್ಕೆ ಅರ್ಧ, ಮೂರು ಹೊತ್ತಿನ ಇಂಡಕ್ಷನ್ ಅಡುಗೆಗೆ ಒಂದೂಕಾಲು. ಸುಮಾರು ಮೂರು ಯೂನಿಟ್. 12.8 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಇರುವುದು ಎರಡೂವರೆ ಯೂನಿಟ್. ಹಾಗಾಗಿ ಅಂಥವು ಎರಡು ಬೇಕು. 600 ವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಎರಡೂವರೆ ಯೂನಿಟ್ ಕೊಡುತ್ತದೆ, ಆಷಾಢದ ಮೋಡದಲ್ಲಿ ಅದರ ಕಾಲು ಭಾಗವೂ ಕಷ್ಟ. ಅದಕ್ಕೇ ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಡಿಸಿ ಚಾರ್ಜರ್ ಹಾಕಿಸಿ, 40 ಆಂಪಿಯರಿನದಾದರೆ ಮೂರು ಗಂಟೆ ಓಡಿಸಿದಾಗ ಒಂದೂವರೆ ಯೂನಿಟ್ ಸಿಗುತ್ತದೆ. 2,000 ವ್ಯಾಟ್ ಇಂಡಕ್ಷನ್ 12 ವೋಲ್ಟಿನಿಂದ 165 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ತೆಳುವಾದ ವೈರು ಹಾಕಿದರೆ ಅಲ್ಲೇ ಬೆಂಕಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇದೆಯೇ ಎಂದು ನೋಡಿ.

ಎಸಿ? ಒಂದು ಟನ್ನಿನ ಎಸಿ ಇಡೀ ರಾತ್ರಿ ಓಡಿದರೆ ಐದು ಯೂನಿಟ್ ಬೇಕು. ಅಷ್ಟಕ್ಕೆ ಬ್ಯಾಟರಿ ಹೇರುವ ಬದಲು, ಬೇಸಿಗೆಯಲ್ಲಿ ಪ್ಲಗ್ ಸಿಗುವ ಕಡೆ ನಿಲ್ಲುವುದು ಅಥವಾ ಎತ್ತರದ ಊರಿಗೆ ಹೋಗುವುದು ನಾವು ಹಿಡಿದ ದಾರಿ. ಮೇಲ್ಛಾವಣಿಗೆ ಬಿಳಿ ಬಣ್ಣ, ತಗಡಿನ ಒಳಬದಿಗೆ ಅಂತರವಿಲ್ಲದೆ ಅಂಟಿಸಿದ ಫೋಮ್, ಛಾವಣಿಯಲ್ಲಿ ಗಾಳಿ ಹೊರಗೆಳೆಯುವ ಫ್ಯಾನ್, ಪ್ರತಿ ಕಿಟಕಿಗೂ ಸೊಳ್ಳೆ ಜಾಲರಿ, ಇವಿಷ್ಟಕ್ಕೆ ದುಡ್ಡು ಉಳಿಸಬೇಡಿ. ನಾಲ್ವರ ಉಸಿರಿನ ತೇವವೇ ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ತರುತ್ತದೆ, ಮಕ್ಕಳ ಕೆಮ್ಮು ಅಲ್ಲಿಂದಲೇ ಶುರು.

ನೀರು ಜಾಗರೂಕವಾಗಿ ಬಳಸಿದರೆ ನಾಲ್ವರಿಗೆ ದಿನಕ್ಕೆ 60ರಿಂದ 80 ಲೀಟರ್. ಎರಡು ದಿನಕ್ಕಾಗುವ ಟ್ಯಾಂಕ್ ಸಾಕು. ಕುಡಿಯುವ ನೀರು ಬೇರೆ ಕ್ಯಾನಿನಲ್ಲಿರಲಿ. ಟ್ಯಾಂಕಿನೊಳಗೆ ಕೈ ಹಾಕಿ ತೊಳೆಯಲು ಬರುವಷ್ಟು ದೊಡ್ಡ ಮುಚ್ಚಳ ಇದೆಯೇ ಎಂದು ನೋಡಿ.

ಶೌಚಾಲಯಕ್ಕೆ 20 ಲೀಟರಿನ ಕ್ಯಾಸೆಟ್ (ಕಳಚಿ ಒಯ್ದು ಖಾಲಿ ಮಾಡುವ ಡಬ್ಬಿ) ಇರುವ ಪೋರ್ಟಬಲ್ ಕಮೋಡ್ ನಮಗೆ ಸರಿಹೋಗಿದೆ. ಚಿಕ್ಕ ಮಗುವಿಗೆ ರಾತ್ರಿ ಎರಡು ಗಂಟೆಗೆ ಅದು ಬೇಕೇ ಬೇಕು. ಹಗಲು ಪೆಟ್ರೋಲ್ ಬಂಕಿನದನ್ನು ಬಳಸುತ್ತೇವೆ, ಅಲ್ಲಿ ಶೌಚಾಲಯ ಮತ್ತು ಕುಡಿಯುವ ನೀರು ಉಚಿತವಾಗಿ ಕೊಡಲೇಬೇಕು. ತುಂಬಿದ ಕ್ಯಾಸೆಟ್ಟನ್ನು ಲಾಡ್ಜಿನ ಅಥವಾ ಪರಿಚಿತರ ಮನೆಯ ಕಮೋಡಿಗೆ, ಕೇಳಿಕೊಂಡು, ಖಾಲಿ ಮಾಡಿ. ಹೊಲಕ್ಕೆ, ಹಳ್ಳಕ್ಕೆ ಸುರಿಯುವವರಿಂದಾಗಿ ಎಷ್ಟೋ ಊರಿನವರು ನಮ್ಮಂಥ ಗಾಡಿ ಕಂಡರೇ ಬೇಡ ಅನ್ನುವಂತಾಗಿದೆ.

ಬಾಡಿಗೆಗೆ ತಂದು ಇದ್ದು ನೋಡಿ

ಮಹಾರಾಷ್ಟ್ರ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿದೆ, ಪುಣೆ, ಮುಂಬೈ ಎರಡೂ ಕಡೆ ಬಾಡಿಗೆಗೆ ಗಾಡಿ ಸಿಗುತ್ತವೆ. ಕೊಳ್ಳುವ ಮಾದರಿಗೆ ಹತ್ತಿರವಾದದ್ದನ್ನು ನಾಲ್ಕು ರಾತ್ರಿಗೆ ತನ್ನಿ, ಸಾಧ್ಯವಾದರೆ ಮಳೆಗಾಲದಲ್ಲೇ. ಎರಡು ರಾತ್ರಿ ಸಾಲದು, ಮೊದಲ ಎರಡು ದಿನ ಮಕ್ಕಳಿಗೆ ಎಲ್ಲವೂ ಆಟವೇ. ಮೂರನೇ ದಿನ ಜಗಳ ಶುರುವಾಗುತ್ತದೆ. ಯಾರು ಎಲ್ಲಿ ಡಿಕ್ಕಿ ಹೊಡೆದರು, ಯಾವ ಕಪಾಟಿನ ಮೂಲೆ ಮಗುವಿನ ಹಣೆಯ ಎತ್ತರಕ್ಕಿದೆ, ಒಬ್ಬರು ಅಡುಗೆ ಮಾಡುವಾಗ ಇನ್ನೊಬ್ಬರು ಹಾದುಹೋಗಬಹುದೇ, ಎಲ್ಲ ಆಗ ಕಾಣುತ್ತದೆ. ಆ ದಿನ ಬರೆದದ್ದನ್ನು ನಂಬಿ.

ಬಾಡಿಗೆ ಖರ್ಚು ದಂಡವೆಂದು ನನ್ನ ಮಾವ ಹೇಳಿದ್ದರು. ಆ ನಾಲ್ಕು ದಿನ ಇಲ್ಲದಿದ್ದರೆ ನಾವು ಅಡ್ಡ ಬೆಂಚಿನ ಗಾಡಿಯನ್ನೇ ಕೊಂಡಿರುತ್ತಿದ್ದೆವು.

ಮಕ್ಕಳ ವಿಷಯದಲ್ಲಿ ಇನ್ನೆರಡು ಮಾತು, ಗಾಡಿಯ ಆಯ್ಕೆಗೆ ಇವೂ ಸಂಬಂಧಿಸಿವೆ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ ಇದೆ, ಮುಕ್ತ ಶಾಲೆಯಾದ ಎನ್‌ಐಒಎಸ್‌ನಲ್ಲಿ 3, 5, 8ನೇ ತರಗತಿಗೆ ಸಮನಾದ ಹಂತಗಳಿವೆ. ಮಗಳಿಗೆ ಆ ದಾರಿ ಹಿಡಿಯೋಣ ಎಂದುಕೊಂಡಿದ್ದೇವೆ. ಅದಕ್ಕಾಗಿ ಮೊಣಕೈ ಊರಲು ಬರುವ ಒಂದು ಸಣ್ಣ ಕಾಯಂ ಮೇಜು, ಕಿಟಕಿಯ ಪಕ್ಕ, ಮೊದಲ ನಕ್ಷೆಯಲ್ಲೇ ಹಾಕಿಸಿದೆವು. ಕೊಲ್ಹಾಪುರ ದಾಟಿ ನಿಪ್ಪಾಣಿ ಬಂದೊಡನೆ ಅಂಗಡಿಗಳ ಬೋರ್ಡು ಓದಲು ಇಬ್ಬರೂ ಅದೇ ಕಿಟಕಿಯತ್ತ ಕುತ್ತಿಗೆ ಚಾಚುತ್ತಾರೆ. ಲಸಿಕೆ ಎಲ್ಲಿ ಬೇಕಾದರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ, 5-6 ವರ್ಷದ ಡಿಪಿಟಿ ಬೂಸ್ಟರ್ ಮರೆಯಬೇಡಿ. ತಾಯಿ ಕಾರ್ಡು ಮತ್ತು ಔಷಧಿ ಡಬ್ಬಿಗೆ ಮಕ್ಕಳ ಕೈಗೆಟುಕದ, ಕೊಂಡಿ ಹಾಕುವ ಒಂದು ಖಾನೆ ಇರಲಿ.

ಗಾಡಿ ಕೈಗೆ ಬರುವ ದಿನ

ಕೊನೆಯ ಕಂತು ಇಟ್ಟುಕೊಂಡೇ ಹೋಗಿ. ಮಕ್ಕಳನ್ನೂ ಕರೆದೊಯ್ಯಿರಿ. ಅವರ ಕಾರ್ ಸೀಟುಗಳನ್ನು ನೀವೇ ಕಟ್ಟಿ, ಬೆಲ್ಟ್ ಹಿಡಿದು ಬಲವಾಗಿ ಎಳೆಯಿರಿ. ನೀರು ತುಂಬಿ ಒಂದು ಗಂಟೆ ಕಾದು ಟ್ಯಾಂಕಿನ ಕೆಳಗೆ ಕೈ ಸವರಿ. ಪೈಪಿನಿಂದ ಛಾವಣಿಗೆ, ಕಿಟಕಿಗೆ ಹತ್ತು ನಿಮಿಷ ನೀರು ಬಿಡಿಸಿ ಒಳಗೆ ಕೂತು ನೋಡಿ, ನಮ್ಮದರಲ್ಲಿ ಛಾವಣಿ ಫ್ಯಾನಿನ ಅಂಚಿನಲ್ಲಿ ಸೋರುವುದು ಗೊತ್ತಾದದ್ದು ಹಾಗೆಯೇ, ಮೇಸ್ತ್ರಿ ಅಲ್ಲೇ ಬಿಚ್ಚಿ ಸರಿಮಾಡಿದರು. ಇಂಡಕ್ಷನ್ ಮೇಲೆ ಒಂದು ಪಾತ್ರೆ ನೀರು ಕುದಿಸಿ, ಆಮೇಲೆ ಬ್ಯಾಟರಿಯ ವೈರು ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಒಪ್ಪಬೇಡಿ. ಹಿಂದಿನ ಬಾಗಿಲನ್ನು ದೊಡ್ಡ ಮಗುವಿನ ಕೈಯಲ್ಲಿ ತೆರೆಸಿ.

ಸಾಮಾನೆಲ್ಲ ಹೇರಿ, ಟ್ಯಾಂಕ್ ತುಂಬಿಸಿ, ನಾಲ್ವರೂ ಕೂತು ಮೊದಲು ಹೋಗಬೇಕಾದದ್ದು ತೂಕದ ಕಾಟಾಕ್ಕೆ. ಮುಂದಿನ ಚಕ್ರಗಳದ್ದು ಒಮ್ಮೆ, ಹಿಂದಿನದ್ದು ಒಮ್ಮೆ, ಒಟ್ಟು ಒಮ್ಮೆ ತೂಗಿಸಿ. ಆರ್‌ಸಿಯ ಅಂಕಿಗಿಂತ 200 ಕೆಜಿಯಾದರೂ ಕಡಿಮೆ ಇದ್ದರೆ ಚೆನ್ನ, ಅಜ್ಜಿ ಊರಿನಿಂದ ಬಂದು ಒಂದು ವಾರ ಜೊತೆಗಿರುತ್ತೇನೆ ಅಂದರೆ ಅವರ ತೂಕಕ್ಕೂ ಅವರ ಉಪ್ಪಿನಕಾಯಿ ಭರಣಿಗೂ ಜಾಗ ಉಳಿಯುತ್ತದೆ. ಅವರಿಗೊಂದು ಬೆಲ್ಟಿನ ಸೀಟೂ ಬೇಕಲ್ಲವೇ? ನಮ್ಮ ಗಾಡಿಯಲ್ಲಿ ಐದನೇ ಸೀಟು ಇಟ್ಟದ್ದು ಅದಕ್ಕೇ. ತೂಕದ ಚೀಟಿಯನ್ನು ಆರ್‌ಸಿಯ ಜೊತೆಗೇ ಇಟ್ಟುಕೊಳ್ಳಿ.